ನೆಲದೊಳಗಣ ಪ್ರಯಾಣ: ಅಲ್ಲಿಯೂ ಇಲ್ಲಿಯೂ

ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಕೊಡಬೇಕೆಂದು ಸಂಪಾದಕ ಮಂಡಳಿಯ ಹುಡುಗಿಯರು ನನ್ನ ಕೊಠಡಿಗೆ ಬಂದಾಗ, ವಿದ್ಯಾರ್ಥಿನಿಯರ ಶಿಸ್ತನ್ನು ಕುರಿತು ಬರೆಯುವೆನೆಂದು ಹೇಳಿದೆನು. ಅವರ ಮುಖಗಳು ಬಾಡಿದವು. ಅವರಲ್ಲೊಬ್ಬಳು ಧೈರ್ಯ ತಂದುಕೊಂಡು, “ಶಿಸ್ತಿಂದು ಬೆಳಗಿನ ಪ್ರಾರ್ಥನೆಯೊಳಗೆ ದಿನಾ ಕೇಳ್ತೀವಿ ಟೀಚರ್. ಲಂಡನ್ನಿನ ನೆಲದೊಳಗಿನ ರೈಲಿಂದು ಬರೀರಿ. ಬೆಂಗಳೂರಿಂದೂ ಬರೀರಿ” ಎಂದಳು. ಬೆಂಗಳೂರಿನದೆಂದು ಅವಳು ಹೇಳಿದುದು ಯಾವ ಸಂಗತಿಯೆಂಬುದು ನಮ್ಮ ಶಾಲೆಯಲ್ಲಿ ಎಲ್ಲರಿಗೂ ಅರ್ಧ ಗೊತ್ತು. ಮಿಕ್ಕ ಅರ್ಧವನ್ನು ನಾನೇ ಬರೆದುಬಿಡುವುದು ಲೇಸೆಂದು ಒಪ್ಪಿಕೊಂಡೆನು.

ನಮ್ಮ ಸೀಮೆಯವರಿಗೆ ನೆಲದೊಳಕ್ಕೆ ಇಳಿದು ಪ್ರಯಾಣ ಮಾಡುವ ಅಭ್ಯಾಸವಿಲ್ಲ. ನೆಲದೊಳಗೆ ಹಿಂದಿನವರು ಹಗೇವು ತೋಡಿ ಜೋಳ ತುಂಬುತ್ತಿದ್ದರು. ಹಂಪೆಯಲ್ಲಿ ನೆಲಮಟ್ಟಕ್ಕಿಂತ ಕೆಳಗಿರುವ ಶಿವನ ಗುಡಿಯೊಂದುಂಟು; ಮೆಟ್ಟಿಲಿಳಿದು ಒಳಹೊಕ್ಕರೆ ಎಷ್ಟೋ ಸಲ ಮೊಣಕಾಲಿನವರೆಗೆ ನೀರು ನಿಂತಿರುವುದು. ನಮ್ಮ ಹುಡುಗಿಯರು ಕಂಡ ಪಾತಾಳವೆಂದರೆ ಅಷ್ಟೇ. ದಾರಿಯನ್ನು ಅರಿಯಲು ಅವರಿಗೆ ಹಲಗೆಗಳ ಅವಶ್ಯಕತೆಯೂ ಇಲ್ಲ. ಕಂಪ್ಲಿಯ ಮಗುವಿಗೆ ಹೊಳೆಯು ಗುರುತು. ಸಂಡೂರಿನ ಮಗುವಿಗೆ ಬೆಟ್ಟಸಾಲು ಗುರುತು. ಹಂಪೆಯ ಕಡೆಯವರಿಗೆ ವಿರೂಪಾಕ್ಷನ ಗೋಪುರವೂ ಹೊಸಪೇಟೆಯವರಿಗೆ ಜಂಬುನಾಥನ ಗುಡ್ಡವೂ ಇದ್ದೇ ಇವೆ. ಭೂಗತ ರೈಲಿನಲ್ಲಿ ಇವೆಲ್ಲವೂ ತಲೆಯ ಮೇಲೆ ಉಳಿದುಬಿಡುತ್ತವೆ. ಬೆಟ್ಟವಿಲ್ಲ, ಹೊಳೆಯಿಲ್ಲ, ಸೂರ್ಯನು ಯಾವ ಕಡೆಗಿರುವನೆಂಬುದೂ ತಿಳಿಯದು. ಇದನ್ನು ನಾನು ಮೊದಲು ಅನುಭವಿಸಿ ತಿಳಿದುದು 2019ರ ಮೇ ತಿಂಗಳಲ್ಲಿ.

ನನ್ನ ತಂಗಿಯು ಲಂಡನ್ನಿನಲ್ಲಿ ದಾದಿಯಾಗಿರುವಳು. ಬೇಸಗೆಯ ರಜೆಯಲ್ಲಿ ಅವಳ ಮನೆಗೆ ಹೋಗಿದ್ದೆನು. ಅವಳಿಗೆ ಪಾಳಿಯ ಕೆಲಸವಾದುದರಿಂದ ಮೊದಲ ಎರಡು ದಿನ ಜೊತೆಯಲ್ಲಿ ಬಂದು, ಮೂರನೆಯ ದಿನ ನನ್ನ ಕೈಗೆ ಒಂದು ಪ್ರಯಾಣದ ಕಾರ್ಡನ್ನೂ ಒಂದು ನಕ್ಷೆಯನ್ನೂ ಕೊಟ್ಟು, “ಅಕ್ಕಾ, ಇನ್ನು ನೀನೇ ಹೋಗಿ ಬಾ” ಎಂದಳು. ಆ ನಕ್ಷೆಯನ್ನು ನಾನು ಬಹಳ ಹೊತ್ತು ನೋಡುತ್ತ ಕುಳಿತೆನು. ಹ್ಯಾರಿ ಬೆಕ್ ಎಂಬ ನಕ್ಷೆಗಾರನು 1931ರಲ್ಲಿ ಬರೆದು 1933ರಲ್ಲಿ ಪ್ರಕಟವಾದ ಪದ್ಧತಿಯೇ ಇಂದಿಗೂ ಅದರ ಅಡಿಪಾಯ. ಬಣ್ಣಬಣ್ಣದ ನೇರ ಗೆರೆಗಳು. ಊರಿನ ನಿಜವಾದ ದೂರಗಳಿಗೂ ತಿರುವುಗಳಿಗೂ ಅವಕ್ಕೂ ಸಂಬಂಧವಿಲ್ಲ. ಮೇಲಿನ ಲೋಕದ ಗುರುತೆಂದು ಆತನು ಉಳಿಸಿದ್ದು ಥೇಮ್ಸ್ ನದಿಯೊಂದನ್ನೇ. ಭೂಗೋಳವನ್ನು ಬೋಧಿಸಿದ ನನಗೆ ಮೊದಲು ಇದು ಅಪಚಾರವೆಂದು ತೋರಿತು. ಮಾರನೆಯ ದಿನ, ನೆಲದೊಳಗೆ ಹೋಗುವವಳಿಗೆ ಬೇಕಾದುದು ಯಾವ ನಿಲ್ದಾಣದ ಬಳಿಕ ಯಾವುದು ಬರುವುದು, ಎಲ್ಲಿ ಇಳಿದು ಬಂಡಿ ಬದಲಿಸಬೇಕು ಎಂಬೆರಡೇ ಸಂಗತಿಗಳೆಂದು ಅರಿವಾಯಿತು.

ಜಗತ್ತಿನ ಮೊದಲ ಭೂಗತ ರೈಲು ಲಂಡನ್ನಿನಲ್ಲಿ 1863ರ ಜನವರಿ 10ರಂದು ಪ್ಯಾಡಿಂಗ್ಟನ್ನಿನಿಂದ ಫ್ಯಾರಿಂಗ್ಡನ್ನಿನವರೆಗೆ ಸಂಚಾರಕ್ಕೆ ತೆರೆಯಿತು. ಬೀದಿಯನ್ನು ಅಗೆದು, ತಗ್ಗಿನಲ್ಲಿ ಹಳಿಗಳನ್ನು ಹಾಸಿ, ಮೇಲೆ ಕಮಾನು ಕಟ್ಟಿ ಮುಚ್ಚಿದ ಸುರಂಗವದು. ಎಳೆಯುತ್ತಿದ್ದುದು ಉಗಿಯ ಎಂಜಿನು. ಆ ಹೊಗೆಯಲ್ಲಿ ಜನರು ಹೇಗೆ ಉಸಿರಾಡಿದರೋ! ಆಳದ ಸುರಂಗದಲ್ಲಿ ವಿದ್ಯುತ್ತಿನಿಂದ ಓಡುವ ಬಂಡಿ 1890ರಲ್ಲಿ ಬಂದಿತು. ನೆಲದೊಳಗೆ ನೋಡುವುದಾದರೂ ಏನಿದೆಯೆಂದು ಆ ಬಂಡಿಗಳಿಗೆ ತೀರ ಚಿಕ್ಕ ಕಿಟಕಿಗಳನ್ನು ಇಟ್ಟರಂತೆ. ಪ್ರಯಾಣಿಕರಿಗೆ ಹೊರಗಿನದು ಕಾಣದ ಕಾರಣ, ರೈಲಿನ ನೌಕರನೊಬ್ಬನು ಪ್ರತಿ ನಿಲ್ದಾಣದ ಹೆಸರನ್ನೂ ಕೂಗಿ ಹೇಳಬೇಕಾಗಿತ್ತು. ನೆಲದ ಮೇಲೆ ಕಣ್ಣು ಮಾಡುವ ಕೆಲಸವನ್ನು ಕೆಳಗೆ ಕಿವಿಯು ಮಾಡಬೇಕು.

ಆ ದಿನ ಮಧ್ಯಾಹ್ನ ಥೇಮ್ಸ್ ನದಿಯ ದಡದಲ್ಲಿ ಅಡ್ಡಾಡಿ, ಎಂಬ್ಯಾಂಕ್‌ಮೆಂಟ್ ಎಂಬ ನಿಲ್ದಾಣದಲ್ಲಿ ಇಳಿದೆನು. ಉತ್ತರ ದಿಕ್ಕಿಗೆ ಹೋಗುವ ನಾರ್ದರ್ನ್ ಮಾರ್ಗದ ಕಟ್ಟೆಯದು. ಬಂಡಿ ಬಂದು ನಿಂತೊಡನೆ, ಕಟ್ಟೆಗೂ ಬಂಡಿಗೂ ನಡುವಣ ಸಂದನ್ನು ನೋಡಿಕೊಂಡು ಕಾಲಿಡಿರೆಂದು ಗಂಡಸಿನ ಧ್ವನಿಯೊಂದು ಎಚ್ಚರಿಸಿತು. ಗಂಭೀರವಾದ, ಹಳೆಯ ನಾಟಕಗಳ ಪಾತ್ರಧಾರಿಯದೆನ್ನಬಹುದಾದ ಧ್ವನಿ. ಅದರ ಕಥೆಯನ್ನು ಮುಂದೆ ಹೇಳುವೆನು. ನಾನು ಹೋಗಬೇಕಾಗಿದ್ದುದು ಈಸ್ಟ್ ಫಿಂಚ್ಲಿಗೆ. ಈ ಮಾರ್ಗವು ಕ್ಯಾಮ್ಡನ್ ಟೌನ್ ಎಂಬಲ್ಲಿ ಕವಲೊಡೆದು, ಒಂದು ಹೈ ಬಾರ್ನೆಟ್ಟಿಗೂ ಇನ್ನೊಂದು ಎಡ್ಜ್‌ವೇರಿಗೂ ಹೋಗುವುದು. ಬಂಡಿಯೊಳಗಣ ಧ್ವನಿಯು ತಾನು ಯಾವ ಕವಲಿಗೆ ಹೋಗುವುದೆಂಬುದನ್ನು ಹೇಳಿಯೇ ಹೇಳಿತು. ಹದಿನೆಂಟು ವರ್ಷ ಇಂಗ್ಲಿಷ್ ಬೋಧಿಸಿದವಳಿಗೆ ಅದು ತಿಳಿಯಲಿಲ್ಲ. ಚಕ್ರಗಳ ಕಿರಿಚಾಟವೂ ಆ ಉಚ್ಚಾರಣೆಯ ವೇಗವೂ ಸೇರಿ, ನಮ್ಮ ಹುಡುಗಿಯರಿಗೆ ಉಕ್ತಲೇಖನದಲ್ಲಿ ನಾನು ಕೊಡುವ ಕಷ್ಟವನ್ನು ನನಗೆ ಕೊಟ್ಟವು.

ಬಂಡಿಯೊಳಗೆ ಯಾರೂ ಯಾರೊಡನೆಯೂ ಮಾತನಾಡುತ್ತಿರಲಿಲ್ಲ. ಹಂಪೆ ಎಕ್ಸ್‌ಪ್ರೆಸ್ಸಿನಲ್ಲಾದರೆ ಬಳ್ಳಾರಿ ಬರುವಷ್ಟರೊಳಗೆ ಎದುರು ಕುಳಿತವರ ಮಗಳ ಮದುವೆಯ ಸಮಾಚಾರವೂ ತಿಳಿದು, ಬುತ್ತಿಯ ಗಂಟೂ ಬಿಚ್ಚಿರುತ್ತದೆ. ಇಲ್ಲಿ ಮೌನ, ಮೇಲಾಗಿ ಸೆಕೆ. ಹೊಸಪೇಟೆಯ ಬಿಸಿಲಿನಿಂದ ತಪ್ಪಿಸಿಕೊಂಡು ಬಂದವಳಿಗೆ ಲಂಡನ್ನಿನ ನೆಲದಡಿಯಲ್ಲಿ ಹೊಸಪೇಟೆಯೇ ಕಾದಿತ್ತು! ಆ ಊರಿನ ಸುರಂಗಗಳು ಬಹುಮಟ್ಟಿಗೆ ಜೇಡಿಮಣ್ಣಿನಲ್ಲಿ ಕೊರೆದವು. ನೂರಕ್ಕೂ ಮಿಕ್ಕಿದ ವರ್ಷಗಳಿಂದ ಬಂಡಿಗಳು ಬಿಟ್ಟ ಕಾವನ್ನು ಆ ಮಣ್ಣು ಹೀರಿ ಇಟ್ಟುಕೊಂಡಿದೆ. ಆಳದ ಕೆಲವು ಮಾರ್ಗಗಳಲ್ಲಿ ಬೇಸಗೆಯ ಶಾಖವು 30 ಡಿಗ್ರಿಯನ್ನು ಮೀರುವುದುಂಟು.

ಚಾಕ್ ಫಾರ್ಮ್ ಬಂದಿತು. ನಕ್ಷೆಯಲ್ಲಿ ನನ್ನ ಬೆರಳಿದ್ದ ಗೆರೆಯ ಮೇಲೆ ಆ ಹೆಸರಿರಲಿಲ್ಲ. ಬೆಲ್‌ಸೈಜ್ ಪಾರ್ಕ್ ಬಂದಿತು, ಅದೂ ಇರಲಿಲ್ಲ. ಬಳಿಕ ಹ್ಯಾಂಪ್‌ಸ್ಟೆಡ್. ಅದರಲ್ಲಿ ನಮ್ಮ ಹಂಪೆಯ ಹೆಸರು ಕೇಳಿಸಿದಂತಾಗಿ ಒಂದು ಕ್ಷಣ ಸಮಾಧಾನವೂ ಆಯಿತೆಂದರೆ ನನ್ನ ಮನಃಸ್ಥಿತಿಯನ್ನು ಊಹಿಸಿಕೊಳ್ಳಬಹುದು. ಲಂಡನ್ನಿನ ಭೂಗತ ನಿಲ್ದಾಣಗಳಲ್ಲೆಲ್ಲ ಅತ್ಯಂತ ಆಳವಾದುದು ಅದೇ, 58.5 ಮೀಟರು. ಸುಮಾರು 50 ಮೀಟರು ಎತ್ತರದ ವಿರೂಪಾಕ್ಷ ದೇವಾಲಯದ ಮೂಡಣ ಗೋಪುರವನ್ನು ಅಲ್ಲಿ ಇಳಿಸಿ ನಿಲ್ಲಿಸಿದರೆ ಕಲಶವೂ ಮೇಲಕ್ಕೆ ಕಾಣಿಸಲಾರದು. ಅಷ್ಟು ಆಳದಲ್ಲಿ, ಕೈಯಲ್ಲಿದ್ದ ದೂರವಾಣಿಗೆ ಸಂಪರ್ಕವಿಲ್ಲದೆ, ಯಾರನ್ನಾದರೂ ಕೇಳೋಣವೆಂದರೆ ಎಲ್ಲರ ಕಣ್ಣುಗಳೂ ಪುಸ್ತಕದೊಳಗೆ. ನನ್ನ ಇಂಗ್ಲಿಷೆಲ್ಲ ಎಲ್ಲಿ ಹೋಯಿತೋ! ಮನಸ್ಸಿನಲ್ಲಿ ಹುಟ್ಟಿದ ಮಾತೆಲ್ಲವೂ ಕನ್ನಡದ್ದೇ.

ಗೋಲ್ಡರ್ಸ್ ಗ್ರೀನ್ ಬಳಿ ಬಂಡಿಯು ಬೆಳಕಿಗೆ ಬಂದಿತು. ಆಕಾಶವನ್ನು ಕಂಡೊಡನೆ ಇಳಿದುಬಿಟ್ಟೆನು. ಸಮವಸ್ತ್ರದಲ್ಲಿದ್ದ ಕಪ್ಪುಮೈಯ ಮಹಿಳೆಯೊಬ್ಬರು ನನ್ನ ಮುಖವನ್ನು ನೋಡಿ ತಾವೇ ಹತ್ತಿರ ಬಂದು, ನಕ್ಷೆಯ ಮೇಲೆ ಬೆರಳಿಟ್ಟು, ಕ್ಯಾಮ್ಡನ್ ಟೌನಿಗೆ ಹಿಂದಿರುಗಿ ಬಂಡಿ ಬದಲಿಸಬೇಕೆಂದು ನಿಧಾನವಾಗಿ ತಿಳಿಸಿದರು. ಆ ನಿಧಾನಕ್ಕೆ ನಾನು ಇಂದಿಗೂ ಋಣಿ. ಮನೆಗೆ ಮರಳಿದಾಗ ತಂಗಿಯು, “ದಾರಿ ತಪ್ಪಿದರೆ ಇಳಿದಲ್ಲೇ ನಿಂತುಬಿಡಬೇಕು ಅಕ್ಕಾ, ನಾನು ಹುಡುಕಿಕೊಂಡು ಬರುತ್ತೇನೆ” ಎಂದಳು. ಆ ಮಾತನ್ನು ಒಂದು ನಿಯಮವನ್ನಾಗಿ ಮಾಡಿಕೊಂಡು ಊರಿಗೆ ಬಂದೆನು.

ಭಾರತದಲ್ಲಿ ನೆಲದೊಳಗೆ ರೈಲು ಮೊದಲು ಓಡಿದುದು ಕಲ್ಕತ್ತೆಯಲ್ಲಿ, 1984ರ ಅಕ್ಟೋಬರ್ 24ರಂದು. ಬೆಂಗಳೂರಿನ ‘ನಮ್ಮ ಮೆಟ್ರೋ’ 2011ರ ಅಕ್ಟೋಬರಿನಲ್ಲಿ ಎತ್ತರದ ಕಂಬಗಳ ಮೇಲೆ ಮೊದಲಾಯಿತು. ಕಬ್ಬನ್ ಪಾರ್ಕಿನಿಂದ ಮಾಗಡಿ ರಸ್ತೆಯವರೆಗಿನ 4.8 ಕಿಲೋಮೀಟರಿನ ಸುರಂಗವು 2016ರ ಏಪ್ರಿಲ್ ಕೊನೆಯಲ್ಲಿ ತೆರೆಯಿತು. ದಕ್ಷಿಣ ಭಾರತದಲ್ಲಿ ಅಂತಹುದು ಅದೇ ಮೊದಲು. ನಾವು 2022ರ ಡಿಸೆಂಬರಿನಲ್ಲಿ ಒಂಬತ್ತನೆಯ ತರಗತಿಯ 24 ಹುಡುಗಿಯರನ್ನು ಕರೆದುಕೊಂಡು ಶೈಕ್ಷಣಿಕ ಪ್ರವಾಸಕ್ಕೆ ಹೊರಟಾಗ, ವಿಧಾನಸೌಧಕ್ಕಿಂತಲೂ ವಸ್ತುಸಂಗ್ರಹಾಲಯಕ್ಕಿಂತಲೂ ಅವರ ಬಾಯಲ್ಲಿದ್ದುದು ಇದೇ.

ಪ್ರವಾಸಕ್ಕೆ ಮೊದಲು ತರಗತಿಯಲ್ಲಿ ಸುರಂಗವನ್ನು ಕುರಿತು ಪಾಠ ಮಾಡಿದೆನು. ಲಂಡನ್ನಿನದು ಮಣ್ಣು, ಬೆಂಗಳೂರಿನದು ಬಂಡೆ. ಬಂಡೆಯೆಂದರೇನೆಂಬುದನ್ನು ಹಂಪೆಯ ನೆರೆಯವರಿಗೆ ವಿವರಿಸಬೇಕಾಗಿಲ್ಲ. ಕೃಷ್ಣಾ, ಕಾವೇರಿ, ಗೋದಾವರಿ ಎಂದು ನದಿಗಳ ಹೆಸರಿಟ್ಟ ಯಂತ್ರಗಳಿಂದ ಹಸಿರು ಮಾರ್ಗದ ಸುರಂಗಗಳನ್ನು ಕೊರೆದರೆಂದೂ, ಗೋದಾವರಿಯ ಹಲ್ಲುಗಳು ಬಂಡೆಗೆ ಸಿಕ್ಕಿ ಹಾಳಾಗಿ ಕೆಲಸವು ಬಹಳ ಕಾಲ ನಿಂತಿತೆಂದೂ ಹೇಳಿದಾಗ, ನಮ್ಮ ತುಂಗಭದ್ರೆಯ ಹೆಸರನ್ನೇಕೆ ಇಡಲಿಲ್ಲವೆಂದು ಹುಡುಗಿಯರು ಮುನಿಸಿಕೊಂಡರು. (ಅನಂತರ ಗುಲಾಬಿ ಮಾರ್ಗದಲ್ಲಿ ತುಂಗಾ, ಭದ್ರಾ ಎಂಬ ಯಂತ್ರಗಳೂ ದುಡಿದವು, ಆ ದೂರು ಈಗ ಇಲ್ಲ.) ಸಂಡೂರಿನಿಂದ ಬರುವ ಹುಡುಗಿಯೊಬ್ಬಳು, ತೆಗೆದ ಮಣ್ಣನ್ನು ಎಲ್ಲಿ ಹಾಕಿದರೆಂದು ಕೇಳಿದಳು. ಅದಿರಿಗಾಗಿ ಬೆಟ್ಟಗಳು ಕರಗುವುದನ್ನು ಕಿಟಕಿಯಿಂದ ನೋಡಿ ಬೆಳೆದವಳಿಗೆ ಆ ಪ್ರಶ್ನೆ ಸಹಜವೇ. ನನಗೆ ಬಾರದ ಪ್ರಶ್ನೆಯದು. ಆಮೇಲೆ ಓದಿ ತಿಳಿಸಿದೆನು: ಲಂಡನ್ನಿನಲ್ಲಿ 2022ರಲ್ಲಿ ತೆರೆದ ಎಲಿಜಬೆತ್ ಮಾರ್ಗದಿಂದ ಬಂದ 30 ಲಕ್ಷ ಟನ್ನಿಗೂ ಹೆಚ್ಚು ಮಣ್ಣನ್ನು ವಾಲಸೀ ಎಂಬ ದ್ವೀಪಕ್ಕೆ ಸಾಗಿಸಿ, ಹಕ್ಕಿಗಳಿಗೆ ಜೌಗುನೆಲವನ್ನು ಮಾಡಿಕೊಟ್ಟರೆಂದು.

ಕಂಪ್ಲಿಯ ಹುಡುಗಿಯೊಬ್ಬಳನ್ನು ಕಳುಹಿಸಲು ಅವಳ ತಂದೆ ಒಪ್ಪಿರಲಿಲ್ಲ. ಅವರು ಕಬ್ಬಿನ ಗದ್ದೆಗಳಲ್ಲಿ ಟ್ರ್ಯಾಕ್ಟರು ಓಡಿಸುವವರು. ಕಂಪ್ಲಿಗೆ ರೈಲಿಲ್ಲ, ಆ ಮಗು ರೈಲನ್ನೇ ಹತ್ತಿದವಳಲ್ಲ. ನಾನು ಬಸ್ಸಿನಲ್ಲಿ ಕಂಪ್ಲಿಗೆ ಹೋಗಿ, ಅವರ ಮನೆಯ ಕಟ್ಟೆಯ ಮೇಲೆ ಕುಳಿತು, “ನನ್ನ ಕಣ್ಣ ಮುಂದಿನಿಂದ ಅವಳನ್ನು ಬಿಡುವುದಿಲ್ಲ” ಎಂದು ಮಾತು ಕೊಟ್ಟೆನು. ಅವರು ಬಹಳ ಹೊತ್ತು ಸುಮ್ಮನಿದ್ದು, “ನಿಮ್ಮ ಮಾತಿನ ಮ್ಯಾಲೆ ಕಳಸ್ತೀನಿ ಟೀಚರಮ್ಮ” ಎಂದರು.

ರಾತ್ರಿ ಹೊಸಪೇಟೆಯಲ್ಲಿ ಹಂಪೆ ಎಕ್ಸ್‌ಪ್ರೆಸ್ಸನ್ನು ಹತ್ತಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ದೀಪಗಳನ್ನು ನೋಡುತ್ತ ನಿದ್ದೆಹೋಗಿ, ಬೆಳಗ್ಗೆ ಬೆಂಗಳೂರಿನಲ್ಲಿ ಇಳಿದೆವು. ಅಲ್ಲಿಂದಲೇ ನೆಲದೊಳಗಿನ ಮೆಟ್ರೋ ನಿಲ್ದಾಣಕ್ಕೆ ದಾರಿ. ಚಲಿಸುವ ಮೆಟ್ಟಿಲುಗಳ ಮುಂದೆ ಹುಡುಗಿಯರು ಹೊಳೆ ದಾಟುವವರಂತೆ ಲಂಗವನ್ನು ಎತ್ತಿ ಹಿಡಿದರು! ನಾನು ಅವರನ್ನು ಒಬ್ಬೊಬ್ಬರನ್ನಾಗಿಯೇ ಇಳಿಸಿದೆನು. ಯುದ್ಧಕಾಲದಲ್ಲಿ ಲಂಡನ್ನಿನ ಜನರು ಬಾಂಬುಗಳಿಗೆ ಹೆದರಿ ಈ ನಿಲ್ದಾಣಗಳಲ್ಲಿ ಮಲಗುತ್ತಿದ್ದರು. 1943ರ ಮಾರ್ಚ್ 3ರ ರಾತ್ರಿ ಬೆಥ್ನಲ್ ಗ್ರೀನ್ ಎಂಬಲ್ಲಿ ಕತ್ತಲೆಯ ಮೆಟ್ಟಿಲುಗಳ ಮೇಲೆ ಯಾರೋ ಎಡವಿ, ಹಿಂದಿನವರು ಮುಂದಿನವರ ಮೇಲೆ ಬಿದ್ದು 173 ಮಂದಿ ತೀರಿಕೊಂಡರು; ಅವರಲ್ಲಿ 62 ಮಂದಿ ಮಕ್ಕಳು. ಆ ರಾತ್ರಿ ಅಲ್ಲಿ ಬಾಂಬೇ ಬೀಳಲಿಲ್ಲ. ಮಕ್ಕಳನ್ನು ಮೆಟ್ಟಿಲಿಳಿಸುವ ಉಪಾಧ್ಯಾಯಿನಿಗೆ ಇಂತಹ ಓದು ಒಂದು ಭಾರ.

ಬಂಡಿಯೊಳಗೆ ತಂಪು, ಬೆಳಕು, ಮಾತು. ಲಂಡನ್ನಿನಲ್ಲಿ ಕಾಣದಿದ್ದ ಹೆಂಗಸರ ಗಾಡಿಯೂ ಇಲ್ಲಿ ಮುಂಭಾಗದಲ್ಲಿತ್ತು. ಬೇರೆ ಗಾಡಿಯ ಅವಶ್ಯಕತೆಯೇ ಇಲ್ಲದ ಊರು ಲೇಸೆಂದು ನಾನು ವಾದಿಸಬಲ್ಲೆನಾದರೂ, ಆ ದಿನ 24 ಹುಡುಗಿಯರನ್ನು ಅದರೊಳಗೆ ಕೂಡಿಸಿದಾಗ ವಾದವನ್ನು ಮರೆತು ನಿಟ್ಟುಸಿರು ಬಿಟ್ಟೆನು. ಅಷ್ಟರಲ್ಲಿ ಹೆಂಗಸಿನ ಧ್ವನಿಯೊಂದು ಮುಂದಿನ ನಿಲ್ದಾಣದ ಹೆಸರನ್ನು ಹೇಳಿತು. ಅಚ್ಚಗನ್ನಡ, ಒಂದೊಂದು ಅಕ್ಷರವೂ ತೊಳೆದಿಟ್ಟಂತೆ. ಮಹಾಪ್ರಾಣವೂ ಒತ್ತಕ್ಷರವೂ ತಮ್ಮ ತಮ್ಮ ಸ್ಥಾನದಲ್ಲಿ. ಕೆಂಪೇಗೌಡ, ವಿಶ್ವೇಶ್ವರಯ್ಯ, ಅಂಬೇಡ್ಕರ್ ಎಂದು ನಿಲ್ದಾಣಗಳ ಹೆಸರುಗಳು ಬಂದಂತೆಲ್ಲ ಹುಡುಗಿಯರು ಅವನ್ನು ಅದೇ ರಾಗದಲ್ಲಿ ಹೇಳತೊಡಗಿದರು. ಕಂಪ್ಲಿಯವಳಂತೂ ಕಣ್ಣು ಮುಚ್ಚಿಕೊಂಡೇ ಕೇಳುತ್ತಿದ್ದಳು.

ಸಂಜೆ ಕಬ್ಬನ್ ಪಾರ್ಕಿನಿಂದ ಹಿಂದಿರುಗುವಾಗ ನಡೆದುದು ಸಂಪೂರ್ಣವಾಗಿ ನನ್ನ ತಪ್ಪು. ಕಚೇರಿಗಳು ಬಿಟ್ಟ ಹೊತ್ತು, ಕಿಕ್ಕಿರಿದ ಜನ. ಬಾಗಿಲಲ್ಲಿ ನಿಂತು ತಲೆ ಎಣಿಸಿದೆನು, ಇಪ್ಪತ್ತನಾಲ್ಕು ಸರಿಯಾಯಿತು. ನಾನೂ ಒಳಸೇರಿದೆನು, ಬಾಗಿಲು ಮುಚ್ಚಿತು. ಗಾಜಿನಾಚೆ ಕಟ್ಟೆಯ ಮೇಲೆ ಕಂಪ್ಲಿಯ ಹುಡುಗಿ ನಿಂತಿದ್ದಳು. ಎಣಿಕೆಯಲ್ಲಿ ನಾನು ನಮ್ಮ ಕಿರಿಯ ಉಪಾಧ್ಯಾಯಿನಿಯನ್ನೂ ಸೇರಿಸಿದ್ದೆನು. ಆಕೆ ಗಿಡ್ಡಳು, ತೊಟ್ಟಿದ್ದುದೂ ನೀಲಿ ಉಡುಪು. ಹುಡುಗಿಯು ಹಿಂದುಳಿದುದಾದರೂ ಗಂಟು ಹೊತ್ತ ಅಜ್ಜಿಯೊಬ್ಬಳಿಗೆ ದಾರಿ ಬಿಟ್ಟುದರಿಂದ. ಹಿರಿಯರಿಗೆ ದಾರಿ ಬಿಡಬೇಕೆಂದು ಕಲಿಸಿದವಳೂ ನಾನೇ. ಅವಳ ಮುಖವು ಒಂದೇ ಕ್ಷಣ ಕಂಡು ಹಿಂದಕ್ಕೆ ಸರಿದುಹೋಯಿತು.

ಮುಂದಿನ ನಿಲ್ದಾಣದಲ್ಲಿ, ಉಳಿದವರನ್ನು ಕರೆದುಕೊಂಡು ಮುಂದೆ ಹೋಗಿರೆಂದು ಕಿರಿಯ ಉಪಾಧ್ಯಾಯಿನಿಗೆ ಹೇಳಿ ಕೆಳಗೆ ಹಾರಿದೆನು. ಕೈಚೀಲವು ದೂರವಾಣಿ ಸಹಿತ ಬಂಡಿಯಲ್ಲೇ ಉಳಿಯಿತು. ಟೋಕನ್ನು ಮಾತ್ರ ಮುಷ್ಟಿಯಲ್ಲಿತ್ತು. ಎದುರುದಿಕ್ಕಿನ ಬಂಡಿಯು ಬರುವವರೆಗಿನ ಆ ಕೆಲವು ನಿಮಿಷಗಳನ್ನು ನಾನು ವರ್ಣಿಸಲಾರೆನು. ಕಂಪ್ಲಿಯ ಆ ಕಟ್ಟೆಯೇ ಕಣ್ಣ ಮುಂದೆ ಬರುತ್ತಿತ್ತು. ದಾರಿ ತಪ್ಪಿದರೆ ನಿಂತಲ್ಲೇ ನಿಲ್ಲಬೇಕೆಂದು ಹುಡುಗಿಯರಿಗೆ ಹತ್ತು ಸಲ ಹೇಳಿದ್ದೆನಷ್ಟೆ? ಅದೊಂದೇ ಧೈರ್ಯ. ಕಬ್ಬನ್ ಪಾರ್ಕಿನಲ್ಲಿ ಇಳಿದು ನೋಡಿದರೆ ಅವಳಿರಲಿಲ್ಲ! ಕಟ್ಟೆಯ ಕಾವಲಿನವರನ್ನು ಕೇಳಿದೆನು. ಎರಡು ಜಡೆಯ ಹುಡುಗಿಯೊಬ್ಬಳು ಹಿಂದಿನಿಂದ ಬಂದ ಬಂಡಿಯನ್ನು ಹತ್ತಿ ಹೋದಳೆಂದರು. ಕಾಲುಗಳಲ್ಲಿ ಬಲವಿಲ್ಲದಂತಾಯಿತು. ಮತ್ತೆ ಬಂಡಿಯೇರಿದೆನು. ಪ್ರತಿ ನಿಲ್ದಾಣದಲ್ಲಿಯೂ ಬಾಗಿಲಿನಿಂದ ತಲೆ ಹೊರಹಾಕಿ ನೋಡಿದೆನು. ಮೇಲೆ ಊರೆಲ್ಲ ತನ್ನ ಪಾಡಿಗೆ ತಾನು ಸಾಗಿರುವಾಗ ಕೆಳಗೆ ನಾನು ಪ್ರಾರ್ಥನೆಯ ಅರ್ಧ ವಾಕ್ಯಗಳನ್ನು ಒಂದರ ಮೇಲೊಂದು ಹೇಳಿಕೊಳ್ಳುತ್ತಿದ್ದೆನು.

ರೈಲು ನಿಲ್ದಾಣದ ಮೆಟ್ರೋ ಕಟ್ಟೆಯ ಮೇಲೆ, ಕಂಬವೊಂದರ ಬಳಿ, ಇಪ್ಪತ್ತಮೂರು ಹುಡುಗಿಯರ ನಡುವೆ ಅವಳು ನಿಂತು ನನ್ನ ಕೈಚೀಲವನ್ನು ಹಿಡಿದುಕೊಂಡಿದ್ದಳು.

ಭಯವು ಕಳೆದೊಡನೆ ನನಗೆ ಕೋಪ ಬಂದಿತೆಂದು ಒಪ್ಪಿಕೊಳ್ಳುವೆನು. ನಿಂತಲ್ಲೇ ನಿಲ್ಲೆಂದು ಹೇಳಿರಲಿಲ್ಲವೇ ಎಂದು ಗದರಿಸಿದೆನು. ಅವಳು ತಲೆತಗ್ಗಿಸಿ, “ಹೇಳಿದ್ರಿ ಟೀಚರ್. ಆದ್ರೆ ಟೋಕನ್ ದೊಡ್ಡ ಸ್ಟೇಷನ್ನಿಗೆ ತಗಂಡಿದ್ವಲ್ಲ, ಎಲ್ರೂ ಅಲ್ಲಿಗೇ ಬರಾದು ಅಂತ ನಾನೂ ಬಂದೆ” ಎಂದಳು. ಹೆದರಿಕೆಯಾಗಲಿಲ್ಲವೇ ಎಂದು ಕೇಳಿದೆನು. “ಯಾಕ್ ಹೆದರ್ಲಿ? ಆಯಮ್ಮ ಒಂದೊಂದೇ ಹೆಸರು ಹೇಳ್ಕೋತ ಜೊತೀಗೆ ಬಂದ್ಲಲ್ಲ.”

ಆಯಮ್ಮ! ಲಂಡನ್ನಿನಲ್ಲಿ ನನ್ನ ಹದಿನೆಂಟು ವರ್ಷಗಳ ಇಂಗ್ಲಿಷು ಮಾಡಲಾರದ ಕೆಲಸವನ್ನು, ರೈಲನ್ನೇ ಕಾಣದ ಕಂಪ್ಲಿಯ ಮಗುವಿಗೆ ಅವಳ ಮನೆಯ ಮಾತು ನೆಲದಡಿಯಲ್ಲಿ ಮಾಡಿಕೊಟ್ಟಿತ್ತು. ಲಂಡನ್ನಿನ ಮಾರ್ಗಗಳು ದೊಡ್ಡವು, ಹಳೆಯವು, ಬಂಡಿಗಳು ಅಲ್ಲಿ ಎರಡು ಮೂರು ನಿಮಿಷಕ್ಕೊಮ್ಮೆ ಬರುತ್ತವೆ, ನಕ್ಷೆಯೂ ಸೊಗಸಾದುದು. ಆ ದಿನ ನಮಗಿದ್ದುದು ಐದು ನಿಲ್ದಾಣಗಳ ಸುರಂಗ. ಕವಲಿಲ್ಲದ ಮಾರ್ಗವಾದುದರಿಂದ ಹುಡುಗಿಯ ಕೆಲಸವು ಸುಲಭವಾಯಿತೆಂಬುದೂ ನಿಜ. ಆದರೂ ಮೆಟ್ರೋ ಹಲಗೆಗಳ ಭಾಷೆಯನ್ನು ಕುರಿತು 2017ರಲ್ಲಿ ಬೆಂಗಳೂರಿನಲ್ಲಿ ಎದ್ದ ಗದ್ದಲವನ್ನು ಪತ್ರಿಕೆಗಳಲ್ಲಿ ಓದಿ, ಇದೇನು ದೊಡ್ಡ ವಿಷಯವೆಂದು ಆಗ ನಾನು ನಕ್ಕಿದ್ದುದು ನೆನಪಾಯಿತು.

ಊರಿಗೆ ಬಂದ ಮೇಲೆ ಕಂಪ್ಲಿಗೆ ಹೋಗಿ, ಅದೇ ಕಟ್ಟೆಯ ಮೇಲೆ ಕುಳಿತು, ನಡೆದುದನ್ನು ನಡೆದಂತೆ ಹುಡುಗಿಯ ತಂದೆಗೆ ಹೇಳಿದೆನು. ಕೊಟ್ಟ ಮಾತನ್ನು ಉಳಿಸಿಕೊಳ್ಳಲಿಲ್ಲವೆಂದೂ ಹೇಳಿದೆನು. ಅವರು ನನ್ನ ಮುಖವನ್ನು ನೋಡಲಿಲ್ಲ; ಮಗಳನ್ನೇ ನೋಡುತ್ತಿದ್ದರು. ಕೊನೆಗೆ, “ಒಬ್ಬಾಕೀನ ಬಂದ್ಲಾ?” ಎಂದು ಕೇಳಿದರು. ಹೌದೆಂದೆನು. ಒಳಗೆ ತಿರುಗಿ ಚಹಾ ಮಾಡಲು ಹೇಳಿದರು. ಹತ್ತನೆಯ ತರಗತಿಯಾದ ಮೇಲೆ ಅವಳನ್ನು ಓದು ಬಿಡಿಸುವ ಮಾತಿತ್ತು. ಆ ಮಾತು ಮತ್ತೆ ಬರಲಿಲ್ಲ.

ಎಂಬ್ಯಾಂಕ್‌ಮೆಂಟಿನ ಧ್ವನಿಯ ಕಥೆಯನ್ನು ಹೇಳುವೆನೆಂದಿದ್ದೆನು. ಅದು ಆಸ್ವಲ್ಡ್ ಲಾರೆನ್ಸ್ ಎಂಬ ನಟರದು. ಅವರು 2007ರಲ್ಲಿ ತೀರಿಕೊಂಡ ಬಳಿಕ ಅವರ ಪತ್ನಿಯು ಆ ಕಟ್ಟೆಗೆ ಬಂದು, ಬಂಡಿಯನ್ನು ಹತ್ತದೆ, ಗಂಡನ ಧ್ವನಿಯನ್ನು ಕೇಳುತ್ತ ಕುಳಿತಿರುತ್ತಿದ್ದರಂತೆ. 2012ರಲ್ಲಿ ಹೊಸ ಯಂತ್ರಗಳು ಬಂದು ಆ ಧ್ವನಿಯು ನಿಂತುಹೋಯಿತು. ಆಕೆ ಬೇಡಿಕೊಂಡ ಮೇಲೆ, 2013ರಲ್ಲಿ ಆ ಒಂದು ಕಟ್ಟೆಯಲ್ಲಿ ಮಾತ್ರ ಅದನ್ನು ಮತ್ತೆ ಕೇಳಿಸತೊಡಗಿದರು. ನಾನು ಕೇಳಿ ಎಚ್ಚರದಿಂದ ಕಾಲಿಟ್ಟುದು ತೀರಿಹೋದವರೊಬ್ಬರ ಮಾತಿಗೆ.

ನಮ್ಮ ಹುಡುಗಿಯರ ಆಯಮ್ಮ, ಕನ್ನಡದ ನಿರೂಪಕಿ ಅಪರ್ಣಾ ಅವರು, 2024ರ ಜುಲೈ 11ರಂದು ನಿಧನರಾದರು. ಆ ವಾರ ಕಂಪ್ಲಿಯ ಹುಡುಗಿ, ಆಗ ಕಾಲೇಜಿಗೆ ಸೇರಿದ್ದವಳು, ಪತ್ರಿಕೆಯ ತುಂಡನ್ನು ಮಡಿಸಿಕೊಂಡು ನಮ್ಮ ಮನೆಗೆ ಬಂದಳು. ಮುಖವನ್ನು ಅಂದೇ ಮೊದಲು ನೋಡಿದೆನೆಂದಳು. ಆಕೆಗೆ ನಾನು ಲಂಡನ್ನಿನ ಆ ಪತ್ನಿಯ ಸಂಗತಿಯನ್ನು ಹೇಳಿದೆನು. ಅವಳು ಸ್ವಲ್ಪ ಹೊತ್ತು ಕುಳಿತಿದ್ದು, ಬಸ್ಸಿಗೆ ಹೊತ್ತಾಯಿತೆಂದು ಎದ್ದಳು.

ಈ ಡಿಸೆಂಬರಿನಲ್ಲಿ ಮತ್ತೆ ಪ್ರವಾಸವಿದೆ. ಹುಡುಗಿಯರು ಮೂವತ್ತು ಮಂದಿ, ಉಪಾಧ್ಯಾಯಿನಿಯರು ಮೂವರು. ಎಣಿಕೆಯನ್ನು ಹುಡುಗಿಯರೇ ತಮ್ಮ ತಮ್ಮ ಅಂಕಿಗಳನ್ನು ಕೂಗಿ ಮಾಡತಕ್ಕದ್ದು. ನಿಂತಲ್ಲೇ ನಿಲ್ಲಬೇಕೆಂಬ ನಿಯಮವನ್ನು ಸೂಚನಾಪತ್ರದಿಂದ ತೆಗೆದಿದ್ದೇನೆ. ಅದರ ಸ್ಥಳದಲ್ಲಿ, ಪ್ರತಿಯೊಬ್ಬಳೂ ತಾನು ಇಳಿಯಬೇಕಾದ ನಿಲ್ದಾಣದ ಹೆಸರನ್ನೂ ಅದರ ಹಿಂದಿನದನ್ನೂ ಬಾಯಿಪಾಠ ಮಾಡಿಕೊಂಡು ಬಂದು ನನಗೆ ಒಪ್ಪಿಸಬೇಕೆಂದು ಬರೆದಿದ್ದೇನೆ.